ಹೊಕ್ಕುಳಬಳ್ಳಿಯ ಮರಕ್ಕೆ ನಾನು ಹಾಕಿದ ಕಚ್ಚು

ಥಾಯ್ಲೆಂಡಿನ ಪ್ರವಾಸದಿಂದ ಹಿಂತಿರುಗಿ ಮೂರು ವರ್ಷವಾಯಿತು. ಬರೆಯಬೇಕೆಂದು ನಾಲ್ಕು ಸಲ ಕೂತಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡು ಎದ್ದೆ, ಒಮ್ಮೆ ಕಾಫಿ ಹಣ್ಣಿನ ಕುಯ್ಲು ಬಂತೆಂದು ಎದ್ದೆ. ಇನ್ನೆರಡು ಸಲ ನೆಪವನ್ನೂ ಹುಡುಕಲಿಲ್ಲ, ಸುಮ್ಮನೆ ಎದ್ದೆ. ಆ ಊರಿನ ವಿಷಯ ಹೇಳಬೇಕಾದರೆ ನಾನು ನಮ್ಮೂರಿನಲ್ಲಿ ಮಾಡಿದ ಒಂದು ಕೆಲಸವನ್ನೂ ಹೇಳಬೇಕು. ಒಬ್ಬ ನಿರಪರಾಧಿಯ ಮೇಲೆ ನಾನು ಸುಳ್ಳು ಬರೆದುಕೊಟ್ಟಿದ್ದೆ. ಅವರು ಬದುಕಿರುವವರೆಗೂ ಅವರ ಎದುರು ಹೋಗಿ ತಪ್ಪಾಯಿತು ಎನ್ನಲಿಲ್ಲ. ತಡ ಮಾಡಿದ್ದಕ್ಕೆ ಕಾರಣ ಇಷ್ಟೇ.

ನಾನು ಕಳಸದಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೆಂಟು ವರ್ಷ ರೈಟರ್ ಆಗಿದ್ದವನು. ಆಳುಗಳ ಹಾಜರಿ ಹಿಡಿಯುವುದು, ಕೆಲಸ ಹಂಚುವುದು, ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳಲ್ಲಿ ಯಾವುದರ ಕೊಂಬೆ ಇಳಿಸಬೇಕು, ಯಾವುದನ್ನು ಬುಡಕ್ಕೆ ಕಡಿಯಬೇಕು ಎಂದು ಗುರುತು ಹಾಕುವುದು ನನ್ನ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಬಿಟ್ಟ ಮೇಲೂ ಗೌಡರು, ಅಂದರೆ ನಮ್ಮ ಎಸ್ಟೇಟಿನ ಯಜಮಾನರು, ನನ್ನನ್ನು ಬಿಡಲಿಲ್ಲ. ಬೆಳೆಗಾರರ ಒಂದು ತಂಡ ಥಾಯ್ಲೆಂಡಿನ ಬೆಟ್ಟಗಳಲ್ಲಿ ಕಾಡಿನೊಳಗೇ ಕಾಫಿ ಬೆಳೆಯುವುದನ್ನು ನೋಡಲು ಹೊರಟಿತ್ತು. ಗೌಡರ ಮಂಡಿ ಕೈಕೊಟ್ಟಿತು. "ನೀನು ಹೋಗಿ ಬಾ ಮಾರಾಯ. ನಾನು ಹೋದರೂ ನೋಡಿ ಬಂದು ನಿನ್ನನ್ನೇ ಕೇಳಬೇಕು" ಎಂದರು. ಎಪ್ಪತ್ತೆರಡನೇ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡೆ.

ಚಿಯಾಂಗ್ ಮೈ

ನನ್ನ ಜೊತೆಗಾರರು ಆಲ್ದೂರಿನ ಇಬ್ರಾಹಿಂ ಸಾಹೇಬರು. ಕಾಳುಮೆಣಸಿನ ವ್ಯಾಪಾರ, ಹತ್ತು ಎಕರೆ ತೋಟ, ಬಾಯಿ ತೆರೆದರೆ ತಮಾಷೆ. ನಮ್ಮಿಬ್ಬರದು ನಲವತ್ತು ವರ್ಷದ ಸ್ನೇಹ. ನಾನು ಬರೆದುಕೊಟ್ಟ ಆ ಸುಳ್ಳಿನ ವಿಷಯ ಮಾತ್ರ ಅವರಿಗೂ ಗೊತ್ತಿರಲಿಲ್ಲ.

ವಿಮಾನ ಇಳಿದು ಬ್ಯಾಗು ಎತ್ತಿಕೊಂಡಾಗ ಕೈಗೆ ಎಣ್ಣೆ ಹತ್ತಿತು. ನನ್ನ ಹೆಂಡತಿ ಬೇಡವೆಂದರೂ ಇಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಒಡೆದಿತ್ತು. ತಪಾಸಣೆಯವರು ಬ್ಯಾಗು ತೆರೆಸಿದರು, ಬಗ್ಗಿ ನೋಡಿದರು, ಎರಡು ಸಲ ಸೀನಿ ಕೈಮುಗಿದು ಮುಚ್ಚಿಬಿಟ್ಟರು.

"ರೈಟ್ರೇ, ನಿಮ್ಮ ಬ್ಯಾಗಿಗೆ ಬೀಗ ದಂಡ" ಎಂದರು ಸಾಹೇಬರು. "ಪೊಲೀಸ್ರೇ ಬಿಟ್ಟು ಹೋದದ್ದನ್ನ ಕಳ್ಳ ಮುಟ್ತಾನಾ?"

ಅವರ ಬ್ಯಾಗಿನಲ್ಲಿ ಅವರ ಬೀವಿ ಕಟ್ಟಿಕೊಟ್ಟ ಗೋಧಿ ಹಲ್ವಾದ ಡಬ್ಬಿ ಒಂದು ಹನಿ ತುಪ್ಪವನ್ನೂ ಚೆಲ್ಲದೆ ಕೂತಿತ್ತು. ಪ್ರವಾಸ ಮುಗಿಯುವವರೆಗೂ ನನ್ನ ಅಂಗಿಗಳೆಲ್ಲ ಉಪ್ಪಿನಕಾಯಿ ನಾರುತ್ತಿದ್ದವು. ನಾಯಿಗಳು ದೂರದಿಂದಲೇ ಮೂಸಿ ದಾರಿ ಬಿಡುತ್ತಿದ್ದವು.

ಚಿಯಾಂಗ್ ಮೈ ಪಟ್ಟಣದಲ್ಲಿ ಮೊದಲು ಬೆರಗಾದದ್ದು ರಸ್ತೆಯ ನಿಶ್ಶಬ್ದಕ್ಕೆ. ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಕಿವಿಗೆ ಬೀಳುವ ಹಾರ್ನು ಅಲ್ಲಿ ಎರಡು ದಿನ ಸುತ್ತಿದರೂ ಕೇಳಲಿಲ್ಲ. ಸ್ಕೂಟರಿನವನು ನನ್ನ ಹಿಂದೆ ಬಂದು ನಿಂತು, ನಾನು ತಿರುಗಿ ನೋಡುವವರೆಗೂ ಕಾದು, ನಕ್ಕು ಹೋದ. ಕಾಫಿ ಅಂಗಡಿಗಳು ಮೂಲೆಗೆ ನಾಲ್ಕು. ಹುಡುಗ ಹುಡುಗಿಯರು ಲೋಟದ ಫೋಟೋ ತೆಗೆದು, ಆರಿದ ಮೇಲೆ ಕುಡಿಯುತ್ತಾರೆ. ಹಾಲು ಕೇಳಿದರೆ ಕಾಯಿಲೆಯವನನ್ನು ನೋಡುವಂತೆ ನೋಡುತ್ತಾರೆ. ಜೀವಮಾನವೆಲ್ಲ ಕಾಫಿಯ ನಡುವೆ ಕಳೆದ ನಾನು ಹಾಲಿಲ್ಲದ, ಚಿಕೋರಿಯಿಲ್ಲದ ಕಾಫಿ ಕುಡಿದದ್ದು ಅದೇ ಮೊದಲು. ಕಾಫಿ ಹಣ್ಣಿಗೆ ಇಂಥ ರುಚಿ ಇದೆಯೆಂದು ಮೂವತ್ತೆಂಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಬೆಟ್ಟದ ಊರು

ತಂಡದವರನ್ನು ಇಬ್ಬಿಬ್ಬರಂತೆ ಬೇರೆ ಬೇರೆ ಹಳ್ಳಿಗಳಿಗೆ ಹಂಚಿದರು. ನನಗೂ ಸಾಹೇಬರಿಗೂ ಸಿಕ್ಕಿದ ಹಳ್ಳಿಗೆ ಪಿಕಪ್ ಗಾಡಿಯಲ್ಲಿ ಮೂರೂವರೆ ತಾಸು. ತಿರುವುಗಳನ್ನು ನೋಡಿ ಬಾಳೆಹೊನ್ನೂರು–ಕಳಸ ರಸ್ತೆಯೇ ಸಮುದ್ರ ದಾಟಿ ಬಂದಿದೆ ಅನ್ನಿಸಿತು.

ಅಲ್ಲಿನವರನ್ನು ಹೊರಗಿನವರು ಕರೆನ್ ಎನ್ನುತ್ತಾರೆ. ತಲೆಮಾರುಗಳಿಂದ ಬೆಟ್ಟದಲ್ಲೇ ಇರುವ ಜನ. ನಮ್ಮನ್ನು ಇಟ್ಟುಕೊಂಡ ಮನೆಯ ಯಜಮಾನರು ಊರಿಗೂ ಹಿರಿಯರು. ಅವರನ್ನು ಎಲ್ಲರೂ 'ಪಾತೀ' ಎನ್ನುತ್ತಿದ್ದರು, ಎಂದರೆ ದೊಡ್ಡಪ್ಪ. ಅವರ ಹೆಂಡತಿಗೆ 'ಮೂಗಾ', ಎಂದರೆ ದೊಡ್ಡಮ್ಮ. ನಾವೂ ಹಾಗೇ ಕರೆದೆವು. ಮನೆಯಲ್ಲಿ ಅವರ ಮಗಳು, ಮಗಳ ನಾಲ್ಕು ವರ್ಷದ ಹೆಣ್ಣುಮಗು ನೋ ಪೋ. ಮಾತು ದಾಟಿಸಲು ಅದೇ ಊರಿನ ಶಾಲೆಯ ಮೇಷ್ಟರು ವಿಚಾಯ್ ಇದ್ದರು. ಅವರದು ಶಾಲೆಯ ಇಂಗ್ಲಿಷು, ನನ್ನದು ಎಸ್ಟೇಟಿನ ಇಂಗ್ಲಿಷು. ನಡುವೆ ಹೇಗೋ ದಾರಿ ಸಿಕ್ಕಿತು. ಇಲ್ಲಿ ಎಲ್ಲರ ಮಾತನ್ನೂ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸಾಹೇಬರು ಹಂದಿ ತಿನ್ನುವುದಿಲ್ಲ ಎಂದು ಮೂಗಾಗೆ ತಿಳಿದದ್ದೇ ತಡ, ಅಟ್ಟದಿಂದ ಹೊಸ ಪಾತ್ರೆ ಇಳಿಸಿ ನಮ್ಮಿಬ್ಬರಿಗೂ ಬೇರೆ ಅಡುಗೆ ಶುರುಮಾಡಿದರು. ಸಿಹಿಗುಂಬಳದ ಪಲ್ಯ, ಸಿಹಿಗುಂಬಳದ ಸಾರು, ಸುಟ್ಟ ಸಿಹಿಗುಂಬಳ.

"ಸಾಬ್ರೇ, ನಿಮ್ಮ ದೆಸೆಯಿಂದ ನನಗೂ ಕುಂಬಳ" ಎಂದೆ.

"ನಿಮ್ಮ ಅಂಗೀಲಿ ಉಪ್ಪಿನಕಾಯಿ ಇದೆಯಲ್ಲ, ನೆಂಚ್ಕೊಳ್ಳಿ."

ಸಂಜೆ ಪಾತೀ ತಮ್ಮ ಬೆಟ್ಟದ ಗದ್ದೆ ತೋರಿಸಿದರು. ಬೆಟ್ಟದ ಒಂದು ತುಂಡನ್ನು ಒಂದು ವರ್ಷ ಮಾತ್ರ ಬಿತ್ತುತ್ತಾರೆ. ಆಮೇಲೆ ಅದನ್ನು ಕಾಡಿಗೆ ಬಿಟ್ಟು ಮುಂದಿನ ತುಂಡಿಗೆ ಹೋಗುತ್ತಾರೆ. ಏಳೆಂಟು ವರ್ಷ ಸುತ್ತಿ ಮತ್ತೆ ಮೊದಲ ಜಾಗಕ್ಕೇ ಬರುವ ಹೊತ್ತಿಗೆ ಅಲ್ಲಿ ಕಾಡು ಎದ್ದು ನಿಂತಿರುತ್ತದೆ. ನಮ್ಮ ಬೆಟ್ಟಗಳಲ್ಲೂ ಹಿಂದಿನವರು ಕುಮರಿ ಎಂದು ಹೀಗೇ ಮಾಡುತ್ತಿದ್ದರಂತೆ. ಅದು ಕಾಡು ಹಾಳು ಮಾಡುವವರ ಬೇಸಾಯ ಎಂದು ಕೇಳುತ್ತಲೇ ನಾನು ಬೆಳೆದವನು. ಇಲ್ಲಿ ಒಂದೇ ಬೆಟ್ಟದ ಮೇಲೆ ಒಂದು ವರ್ಷದ ಪೊದೆ, ಮೂರು ವರ್ಷದ ಬಿದಿರು, ಏಳು ವರ್ಷದ ಮರ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು.

ಗದ್ದೆಯ ತುಂಬ ಸೊಂಟದೆತ್ತರದ ಮೋಟುಮರಗಳು. ರೈಟರನ ಬಾಯಿ ಸುಮ್ಮನಿರಲಿಲ್ಲ. "ಇಷ್ಟು ಎತ್ತರಕ್ಕೆ ಕಡಿದರೆ ಮರ ದಂಡ ಅಲ್ವಾ? ನಾವು ಬುಡಕ್ಕೇ ಕಡಿಸ್ತೇವೆ."

ಪಾತೀ ನನ್ನ ಮುಖ ನೋಡಿದರು. "ಬುಡಕ್ಕೇ ಕಡಿದರೆ ಅದು ಚಿಗುರುವುದು ಎಲ್ಲಿಂದ?"

"ಚಿಗುರಬಾರದು ಅಂತಲೇ ಕಡಿಯೋದು."

ವಿಚಾಯ್ ಇದನ್ನು ದಾಟಿಸಿದರು. ಪಾತೀ ಒಂದು ಮೋಟಿನ ತಲೆ ಸವರಿ, ಎದ್ದಿದ್ದ ಚಿಗುರುಗಳನ್ನು ಬೆರಳಲ್ಲಿ ಎಣಿಸಿ, ಮುಂದೆ ನಡೆದರು.

ಎರಡನೇ ದಿನ, ಕಾಫಿಯ ನಡುವೆ

ಅವರ ಕಾಫಿ ತೋಟಕ್ಕೆ ಬೇಲಿಯಿಲ್ಲ. ಕಾಡಿನೊಳಗೆ ನಡೆಯುತ್ತಾ ಹೋದರೆ ಗಿಡಗಳು ಸಿಗುತ್ತವೆ, ಇನ್ನಷ್ಟು ನಡೆದರೆ ಮುಗಿಯುತ್ತವೆ. ಮೇಲೆ ಮರಗಳು ಒಂದಕ್ಕೊಂದು ತಾಗಿಕೊಂಡು ನಡುಹಗಲಲ್ಲೂ ಮಬ್ಬು. ನನ್ನ ಕಣ್ಣಿಗೆ ಕಂಡದ್ದು ಒಂದೇ: ಇಲ್ಲಿ ಮರಗಸಿ ಆಗಿಲ್ಲ, ಅಂದರೆ ನೆರಳಿನ ಕೊಂಬೆ ಇಳಿಸಿಲ್ಲ, ಬಿಸಿಲು ಬೀಳದೆ ಹಣ್ಣು ಕಡಿಮೆ.

"ನಿಮ್ಮ ಎಸ್ಟೇಟ್ ಆಗಿದ್ದರೆ ಏನು ಮಾಡಿಸ್ತಿದ್ರಿ, ತೋರ್ಸಿ ನೋಡುವ" ಎಂದು ಸಾಹೇಬರು ಕೆಣಕಿದರು. ಪಾತೀ ಮತ್ತು ವಿಚಾಯ್ ಇಪ್ಪತ್ತು ಹೆಜ್ಜೆ ಮುಂದಿದ್ದರು. ಬಳ್ಳಿ ಸರಿಸಲು ಪಾತೀ ಕೊಟ್ಟಿದ್ದ ಕತ್ತಿ ನನ್ನ ಕೈಯಲ್ಲೇ ಇತ್ತು.

ಎದುರಿಗೆ ತೊಡೆಗಾತ್ರದ ಒಂದು ಮರ, ಎದೆಯೆತ್ತರದಲ್ಲಿ ಕವಲು. ಆ ಕವಲಿನ ಕೆಳಗೆ ಒಂದು ಗೇಣುದ್ದದ ಬಿದಿರಿನ ಅಂಡೆಯನ್ನು ನಾರಿನಿಂದ ಕಟ್ಟಿದ್ದರು. ಪಾಚಿ ಹತ್ತಿ ಅರ್ಧ ಮುಚ್ಚಿತ್ತು. ನಮ್ಮಲ್ಲಿ ಕಡಿಯಬೇಕಾದ ಮರಕ್ಕೆ ಮೇಸ್ತ್ರಿ ನಾರು ಕಟ್ಟಿ ಗುರುತಿಟ್ಟು ಹೋಗುತ್ತಾನೆ. ಹಿಂದಿನಿಂದ ರೈಟರ್ ಬಂದು ಒಪ್ಪಿದರೆ ಕತ್ತಿಯಿಂದ ಕಚ್ಚು ಹಾಕುತ್ತಾನೆ. ಕಚ್ಚು ಬಿದ್ದ ಮರ ಮಾರನೆಯ ದಿನ ಇರುವುದಿಲ್ಲ. ಇವರೂ ಗುರುತಿಟ್ಟಿದ್ದಾರೆ, ಕಡಿಯಲು ಪುರುಸೊತ್ತಾಗಿಲ್ಲ ಎಂದುಕೊಂಡೆ. ಕೈ ತಾನಾಗಿ ಎದ್ದಿತು. ಓರೆಯಾಗಿ ಒಂದು ಏಟು, ಕೆಳಗಿನಿಂದ ಇನ್ನೊಂದು. ಅಂಗೈಯಗಲದ ತೊಗಟೆ ಹಾರಿ ಬಿಳಿ ಮೈ ಕಂಡಿತು. "ಹೀಗೆ" ಎಂದೆ ಸಾಹೇಬರಿಗೆ, ಜಂಬದಿಂದಲೇ.

ಕೆಳಗಿನ ಇಳಿಜಾರಿನಿಂದ ಒಂದು ಕೂಗು ಬಂತು. ಸೌದೆ ಆಯುತ್ತಿದ್ದ ನೋ ಪೋಳ ತಾಯಿ ಬುಟ್ಟಿ ಬಿಸಾಡಿ ಓಡಿ ಬಂದಳು. ನನ್ನ ಕಡೆ ನೋಡಲೂ ಇಲ್ಲ. ಮರದ ಆ ಬಿಳಿ ಗಾಯದ ಮೇಲೆ ಎರಡೂ ಅಂಗೈ ಒತ್ತಿ ಹಿಡಿದು, ಹಣೆಯನ್ನು ತೊಗಟೆಗೆ ಇಟ್ಟಳು. ರಕ್ತ ನಿಲ್ಲಿಸುವವರು ಹಿಡಿಯುವ ಹಾಗೆ ಹಿಡಿದಿದ್ದಳು.

ವಿಚಾಯ್ ತಿರುಗಿ ಬಂದು ನೋಡಿ ಬಿಳಿಚಿಕೊಂಡರು. ಅವರೇ ತಿಳಿಸಿದ್ದು: ಮಗು ಹುಟ್ಟಿ ಹೊಕ್ಕುಳಬಳ್ಳಿ ಉದುರಿದಾಗ ಅದನ್ನು ಬಿದಿರಿನ ಅಂಡೆಗೆ ಹಾಕಿ, ಗಟ್ಟಿಮುಟ್ಟಾದ ಒಂದು ಮರಕ್ಕೆ ತಂದೆ ಕಟ್ಟುತ್ತಾನೆ. ಅಂದಿನಿಂದ ಆ ಮರ ಆ ಮಗುವಿನದು. ಮಗುವಿನ ಜೀವ ಅದರ ಜೊತೆ ಇರುತ್ತದೆ. ಅಂಡೆ ಕೊಳೆತು ಬಿದ್ದರೂ ಊರಿಗೆಲ್ಲ ಮರ ಗೊತ್ತು. ಅದಕ್ಕೆ ಪೆಟ್ಟಾದರೆ ಜೀವ ಹೆದರಿ ದೂರ ಹೋಗುತ್ತದೆ, ಮಗು ಊಟ ಬಿಡುತ್ತದೆ, ಕಾಯಿಲೆ ಬೀಳುತ್ತದೆ. ಇದು ನೋ ಪೋಳ ಮರ.

"ಈ ಊರಲ್ಲಿ ಎಷ್ಟು ಮಕ್ಕಳು ಹುಟ್ಟಿದಾರೋ ಈ ಕಾಡಿನ ಅಷ್ಟು ಮರಕ್ಕೆ ಯಾರೂ ಕತ್ತಿ ಹಾಕೋ ಹಾಗಿಲ್ಲ" ಎಂದರು ಮೇಷ್ಟರು. ನಾನು ಸುತ್ತ ನೋಡಿದೆ. ಎಲ್ಲೆಲ್ಲೂ ಮರ. ಮೊದಲ ಬಾರಿಗೆ ಅವು ನೆರಳಿನ ಮರಗಳಂತೆ ಕಾಣಲಿಲ್ಲ.

ಅಂಡೆಯನ್ನು ತೋರಿಸಿ ಕೇಳಬೇಕೆನ್ನುವುದು ಒಂದು ಕ್ಷಣವೂ ನನಗೆ ಹೊಳೆದಿರಲಿಲ್ಲ.

ಪಾತೀಯ ಜಗಲಿ

ಮಧ್ಯಾಹ್ನ ಪಾತೀಯ ಮನೆಯ ಬಿದಿರಿನ ಜಗಲಿಯಲ್ಲಿ ಊರಿನ ಹಿರಿಯರು ಸೇರಿದರು. ನೋ ಪೋ ತಾಯಿಯ ತೊಡೆಯ ಮೇಲೆ ಕೂತು ನನ್ನ ಕನ್ನಡಕವನ್ನೇ ನೋಡುತ್ತಿದ್ದಳು. ತಾಯಿ ನಿಮಿಷಕ್ಕೊಮ್ಮೆ ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಳು. ಮಗುವಿಗೆ ಏನಾದರೂ ಆದರೆ? ಇದನ್ನೆಲ್ಲ ನಾನು ನಂಬುತ್ತೇನೋ ಇಲ್ಲವೋ, ಅದು ಆಗ ಲೆಕ್ಕಕ್ಕೇ ಬರಲಿಲ್ಲ. ಆ ತಾಯಿ ನಂಬಿದ್ದಳು.

ಮಗುವಿನ ಅಜ್ಜನೇ ನ್ಯಾಯ ಹೇಳುವವರು. ಆದರೂ ಅವರು ದನಿ ಎತ್ತಲಿಲ್ಲ.

"ನಿಮ್ಮೂರಲ್ಲಿ ಮರಕ್ಕೆ ಕತ್ತಿ ಹಾಕೋ ಮುಂಚೆ ಯಾರನ್ನ ಕೇಳ್ತೀರಿ?"

"ಯಜಮಾನರನ್ನ."

"ಯಜಮಾನರಿಗೆ ಆ ಮರದ ವಿಷಯ ಗೊತ್ತಿರ್ತದಾ?"

"ಇಲ್ಲ."

"ಗೊತ್ತಿರೋರು ಯಾರೂ ಇರ್ಲಿಲ್ವಾ?"

ಇದ್ದರು ಎಂದುಬಿಟ್ಟೆ. ಹೇಳಬೇಕೆಂದು ಹೇಳಿದ್ದಲ್ಲ. ಮೂವತ್ತು ವರ್ಷ ಮುಚ್ಚಿಟ್ಟದ್ದು ಆ ಪ್ರಶ್ನೆಗೆ ಎದ್ದು ಬಂತು. ಕನ್ನಡದಲ್ಲಾಗಿದ್ದರೆ ಸುತ್ತಿ ಬಳಸಿ ಜಾರಿಕೊಳ್ಳುತ್ತಿದ್ದೆ. ನನ್ನ ಹರಕು ಇಂಗ್ಲಿಷಿನಲ್ಲಿ ಜಾರಿಕೊಳ್ಳುವುದಕ್ಕೆ ಬೇಕಾದಷ್ಟು ಪದಗಳಿರಲಿಲ್ಲ. ನಾನು ಕಡಿಸಿದೆ, ಅವರು ಕಡಿಯಲಿಲ್ಲ, ಅವರೇ ಕಡಿದರು ಎಂದು ನಾನು ಹೇಳಿದೆ. ವಿಚಾಯ್ ಒಂದೊಂದು ತುಂಡನ್ನೂ ಎತ್ತಿ ಆ ಕಡೆ ಇಟ್ಟರು.

ನಿಮಗೆ ವಿವರವಾಗಿ ಹೇಳುತ್ತೇನೆ. ನಮ್ಮ ಎಸ್ಟೇಟಿನ ಮೇಲ್ತುದಿಯಲ್ಲಿ, ಕಾಡಿನ ಗಡಿಗೆ ಅಂಟಿಕೊಂಡು ಒಂದು ಒರತೆ. ಸುತ್ತ ಐದು ಭಾರೀ ಮರ, ಬೆತ್ತದ ಪೊದೆ, ಮೊಣಕಾಲು ಹೂಳುವಷ್ಟು ತರಗೆಲೆ. ಕೆಳಗೆ ಆಳುಗಳಿದ್ದ ಲೈನ್ ಮನೆಗಳಿಗೆಲ್ಲ ಅದೇ ನೀರು. ಅದನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಬೆಟ್ಟದ ಕಾಡುಜನ ಮಲೆಕುಡಿಯರ ಒಬ್ಬ ಹಿರಿಯರು. ನಾವು ಅವರನ್ನು ಹೆಸರು ಹಿಡಿದು ಕರೆದವರೇ ಅಲ್ಲ, 'ಕುಡಿಯ' ಎಂದರೆ ಸಾಕಿತ್ತು. ಕಾಡಿನಲ್ಲಿ ಗೆಡ್ಡೆ ಅಗೆದರೆ ಅದರ ತಲೆಭಾಗವನ್ನು ಮತ್ತೆ ಮಣ್ಣಿಗೆ ಇಟ್ಟು ಬರುತ್ತಿದ್ದವರು. ಜೇನು ಇಳಿಸಿದರೆ ಮರಿಗಳಿರುವ ಭಾಗವನ್ನು ಮುಟ್ಟದೆ ಬಿಡುತ್ತಿದ್ದವರು. ಒರತೆಯ ಸುತ್ತ ಒಂದು ಕಡ್ಡಿಯನ್ನೂ ಗುಡಿಸಲು ಬಿಡುತ್ತಿರಲಿಲ್ಲ.

ಆ ತೇವದ ಜಾಗಕ್ಕೆ ಬಸಿಗಾಲುವೆ ತೆಗೆದು, ಮರ ಕಡಿದು ಕಾಫಿ ಹಾಕಿದರೆ ಗೌಡರು ಮೆಚ್ಚುತ್ತಾರೆ ಎಂಬ ಯೋಚನೆ ನನ್ನದೇ. ಗೌಡರು ಆಗ ಊರಲ್ಲಿರಲಿಲ್ಲ. ಕಡಿಯುವ ದಿನ ಆ ಹಿರಿಯರು ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತರು.

"ರೈಟ್ರೇ, ಇದು ನೀರಿನ ಮನೆ. ಮಾಡು ಕಿತ್ತರೆ ನೀರು ಎಲ್ಲಿ ಕೂರ್ತದೆ?"

ನಾಲ್ಕು ಆಳುಗಳಿಂದ ಅವರನ್ನು ಎಳೆಸಿದೆ. ಐದೂ ಮರ ಬಿದ್ದವು. ಬಿದ್ದ ಮೇಲೆ ತಿಳಿಯಿತು, ಮೂರು ಮರ ಗಡಿಯ ಆಚೆಯ ಸರ್ಕಾರಿ ಕಾಡಿನವು. ಅರಣ್ಯ ಇಲಾಖೆಯ ಅಧಿಕಾರಿಗಳು ಬಂದು ಯಾರು ಕಡಿದದ್ದು ಎಂದು ಕೇಳಿದರು. ಕೆಲಸ ಹೋಗುತ್ತದೆಂದು ಹೆದರಿದೆ. ಕುಡಿಯನೇ ಕದ್ದು ಕಡಿದ, ನಾನು ಕಣ್ಣಾರೆ ಕಂಡೆ ಎಂದು ಕಾಗದದಲ್ಲಿ ಬರೆದು ಸಹಿ ಹಾಕಿದೆ. ಅವರನ್ನು ಕರೆದುಕೊಂಡು ಹೋದರು. ನಾಲ್ಕನೇ ದಿನ ಬಿಟ್ಟರು, ಇನ್ನು ಕಾಡಿಗೆ ಕಾಲಿಡಬಾರದು ಎಂಬ ಷರತ್ತಿನ ಮೇಲೆ. ಮರ ಉಳಿಸಲು ನಿಂತವರು ಮರಗಳ್ಳ ಎನ್ನಿಸಿಕೊಂಡರು. ಅದೇ ವಾರ ಹೆಂಡತಿ, ಮಗಳನ್ನು ಕರೆದುಕೊಂಡು ಲೈನ್ ಬಿಟ್ಟು ಹೋದರು. ಹೋಗುವಾಗ ನನ್ನ ಆಫೀಸಿನ ಮುಂದೆಯೇ ಹೋದರು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

ಜಗಲಿಯಲ್ಲಿ ಪಕ್ಕದಲ್ಲೇ ಕೂತಿದ್ದ ಇಬ್ರಾಹಿಂ ಸಾಹೇಬರು ನನ್ನಿಂದ ಒಂದು ಮೊಳ ಸರಿದು ಕೂತರು. ನಲವತ್ತು ವರ್ಷದಲ್ಲಿ ಅವರು ತಮಾಷೆ ಮಾಡದೆ ಕೂತದ್ದನ್ನು ಆಗಲೇ ಕಂಡದ್ದು.

ಪಾತೀ ಕೇಳಿದ್ದು ನನ್ನ ಬಗ್ಗೆ ಅಲ್ಲ. "ಆ ನೀರು ಈಗ ಇದೆಯಾ?"

"ಸೊರಗಿದೆ. ಶಿವರಾತ್ರಿ ಹೊತ್ತಿಗೆ ಬತ್ತುತ್ತದೆ."

"ಆ ಮನುಷ್ಯ?"

"ತೀರಿಕೊಂಡರು. ನಾನು ಹೋಗಲಿಲ್ಲ."

ಪಾತೀ ಪೈಪಿಗೆ ಹೊಗೆಸೊಪ್ಪು ತುಂಬಿ ಹೊತ್ತಿಸಿದರು. ಆಮೇಲೆ ಹೇಳಿದರು: "ನೀರು ಇನ್ನೂ ಕಷ್ಟದಲ್ಲಿದೆ ಅಂದರೆ ಅವನು ಇನ್ನೂ ಅಲ್ಲೇ ನಿಂತಿದಾನೆ. ಇಷ್ಟು ವರ್ಷ ನಿಂತಿದಾನೆ, ಕಾಲು ನೋಯ್ತದೆ. ನೀನು ಹೋಗಿ ಅವನನ್ನ ಕೂರಿಸು."

ನನಗೆ ವಿಧಿಸಿದ್ದು ಇಷ್ಟು: ಮಗುವಿನ ಜೀವವನ್ನು ಕರೆಯುವ ಪೂಜೆಗೆ ಒಂದು ಕೋಳಿ ಕೊಡಬೇಕು. ಆ ಮರದ ಗಾಯಕ್ಕೆ ನಾನೇ ಮದ್ದು ಮಾಡಬೇಕು. ಮಗು ಎಂದಿನಂತೆ ಉಂಡು ಮಲಗಿದರೆ ಜೀವ ದೂರ ಹೋಗಿಲ್ಲ ಎಂದು ಅರ್ಥ. ಉಣ್ಣದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರಕ್ಕೆ ಗಾಯವಾದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಎಮ್ಮೆಯ ಸಗಣಿ, ಕೆಮ್ಮಣ್ಣು ಕೇಳಿ ತರಿಸಿಕೊಂಡು ಮೊಣಕೈವರೆಗೂ ಕಲಸಿದೆ. ಹರಿದ ತೊಗಟೆಯ ಅಂಚನ್ನು ನೀರು ನಿಲ್ಲದ ಹಾಗೆ ಸವರಿ ಸರಿಮಾಡಿದೆ. ನೋ ಪೋಳ ತಾಯಿ ದೂರ ನಿಂತು ನೋಡುತ್ತಿದ್ದವಳು ಮನೆಗೆ ಹೋಗಿ, ತನ್ನ ಒಲೆಯ ಬೂದಿಯನ್ನು ಬಾಳೆಲೆಯಲ್ಲಿ ತಂದು ನನ್ನ ಮುಂದಿಟ್ಟಳು. ಅದನ್ನೂ ಸೇರಿಸಿದೆ. ಲೇಪ ಮೊದಲಿಗಿಂತ ಚೆನ್ನಾಗಿ ಹಿಡಿಯಿತು. ಸಾಹೇಬರು ಹಿಂದಿನಿಂದ ಬಂದು ನನ್ನ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಕಲಸತೊಡಗಿದರು. ಆದರೂ ಮಾತಾಡಲಿಲ್ಲ.

ಅದೇ ಸಂಜೆ

ಊಟಕ್ಕೆ ಕೂತೆವು. ಮೂಗಾ ಮಗುವಿನ ಮುಂದೆ ಅನ್ನ ಇಟ್ಟರು. ನೋ ಪೋ ಮುಖ ತಿರುಗಿಸಿದಳು.

ತಾಯಿ ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಳು. ಮಗು ತುಟಿ ಬಿಗಿಯಿತು. ಮೂಗಾ ಮೊಟ್ಟೆ ಸುಟ್ಟು ಕೊಟ್ಟರು. ಬೇಡ. ಮಗು ತಳ್ಳಿದ ತುತ್ತು ಚಾಪೆಗೆ ಬಿತ್ತು. ಬಾಗಿಲಲ್ಲಿ ಅಕ್ಕಪಕ್ಕದವರು ಸೇರಿದರು. ಎಲ್ಲರೂ ಮಗುವನ್ನು ನೋಡಿ ಆಮೇಲೆ ನನ್ನನ್ನು ನೋಡಿದರು. ನನಗೆ ಕಂಡದ್ದು ನಮ್ಮ ಲೈನಿನಿಂದ ಗಂಟು ಹೊತ್ತು ಇಳಿದು ಹೋದ ಇನ್ನೊಂದು ಹೆಣ್ಣುಮಗು. ಎರಡನೇ ಸಲವೂ ಒಂದು ಮನೆಯನ್ನು ಹಾಳು ಮಾಡಿದೆನಲ್ಲ ಎಂದು ಅಲ್ಲೇ ಅತ್ತೆ, ಮುದುಕನೆಂಬ ನಾಚಿಕೆಯೂ ಇಲ್ಲದೆ.

ಆಗ ಇಬ್ರಾಹಿಂ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ರೈಟ್ರೇ, ಒಂದು ತಪ್ಪಾಗಿದೆ."

"ಏನು?"

"ಮಗು ಮಧ್ಯಾಹ್ನದಿಂದ ಸಪ್ಪೆ ಮುಖ ಹಾಕ್ಕೊಂಡು ಕೂತಿತ್ತಲ್ಲ. ಪಾಪ ಅನ್ನಿಸ್ತು. ಒಂದು ತುಂಡು ಹಲ್ವಾ ಕೊಟ್ಟೆ. ಇನ್ನೊಂದು ಕೇಳ್ತು."

"ಎಷ್ಟು ಕೊಟ್ರಿ ಮಾರಾಯ್ರೇ?"

ಸಾಹೇಬರು ಡಬ್ಬಿಯನ್ನು ತಂದು ಚಾಪೆಯ ಮೇಲೆ ಕವುಚಿದರು. ಒಂದು ಗೋಡಂಬಿ ಬಿತ್ತು. ನೋ ಪೋ ಅದನ್ನೂ ಎತ್ತಿ ಬಾಯಿಗೆ ಹಾಕಿಕೊಂಡಳು.

ವಿಚಾಯ್ ದಾಟಿಸಿ ಮುಗಿಸುವ ಮೊದಲೇ ಮೂಗಾಗೆ ಅರ್ಥವಾಗಿತ್ತು. ಸೌಟಿನಿಂದ ಸಾಹೇಬರ ಬೆನ್ನಿಗೆ ಎರಡು ಬಿಟ್ಟರು. ಬಾಗಿಲಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಪಾತೀಯ ಪೈಪು ಬಾಯಿಂದ ಬಿತ್ತು. ಕೊನೆಗೆ ನಕ್ಕವಳು ಆ ತಾಯಿ. ನಕ್ಕಳು, ಅತ್ತಳು, ಮಗುವಿನ ತುಪ್ಪದ ಕೈಯನ್ನು ತನ್ನ ಕೆನ್ನೆಗೆ ಒರೆಸಿಕೊಂಡಳು. ನೋ ಪೋ ಅವಳ ತೊಡೆಯ ಮೇಲೇ ನಿದ್ದೆ ಹೋದಳು. ಬೆಳಿಗ್ಗೆ ಎದ್ದು ಎರಡು ಬಟ್ಟಲು ಗಂಜಿ ಕುಡಿದು ಮೂರನೆಯದಕ್ಕೆ ಜಗಳ ತೆಗೆದಳು.

ಮೂರನೇ ದಿನ

ಕೋಳಿ ಬೆಂದಿತು. ಮೂಗಾ ಮನೆಯ ಏಣಿಯ ಮೆಟ್ಟಿಲನ್ನು ಕೋಲಿನಿಂದ ತಟ್ಟುತ್ತಾ ಕಾಡಿನ ಕಡೆ ಮುಖ ಮಾಡಿ ಮಗುವಿನ ಜೀವವನ್ನು ಕರೆದರು. ಬಾ, ಮನೆಯಲ್ಲಿ ಅನ್ನ ಇದೆ, ಬೆಂಕಿ ಇದೆ, ಅಮ್ಮ ಇದಾಳೆ, ಹೆದರಬೇಡ. ಆಮೇಲೆ ಮಗುವಿನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು.

ಮುಗಿಯಿತೆಂದು ನಾನು ಏಳುವಾಗ ಪಾತೀ ನನ್ನ ಕೈ ಹಿಡಿದು ಕೂರಿಸಿದರು. "ನಿನ್ನ ಜೀವವೂ ಎಲ್ಲೋ ಅಲೀತಿದೆ, ಬಹಳ ವರ್ಷದಿಂದ." ಮೂಗಾ ಮತ್ತೆ ಮೆಟ್ಟಿಲು ತಟ್ಟಿದರು. ಪಾತೀ ನನಗೆ ದಾರ ಕಟ್ಟಿದರು, ಆಮೇಲೆ ಒಬ್ಬೊಬ್ಬರಾಗಿ ಊರಿನವರು. ಕೊನೆಯದನ್ನು ನೋ ಪೋಳ ತಾಯಿ ಮಗುವಿನ ಕೈ ಹಿಡಿದು ಕಟ್ಟಿಸಿದಳು. ಮಣಿಕಟ್ಟಿನಿಂದ ಮುಂಗೈಯ ಅರ್ಧದವರೆಗೆ ಬೆಳ್ಳಗಾಯಿತು. ನನ್ನ ಮದುವೆಯಲ್ಲೂ ಅಷ್ಟು ಜನ ನನ್ನ ಕೈ ಮುಟ್ಟಿರಲಿಲ್ಲ.

ಹೊರಡುವ ಮುಂಚೆ ಮರದ ಹತ್ತಿರ ಹೋದೆವು. ಲೇಪ ಒಣಗಿ ಗಟ್ಟಿಯಾಗಿತ್ತು, ಎಲೆಗಳು ಬಾಡಿರಲಿಲ್ಲ. ಪಾತೀ ಬೆರಳಿನಿಂದ ಕುಟ್ಟಿ ನೋಡಿ ವಿಚಾಯ್‌ಗೆ ಏನೋ ಹೇಳಿದರು. ಇನ್ನು ಮೇಲೆ ಊರಲ್ಲಿ ಯಾವ ಮರಕ್ಕೆ ಗಾಯವಾದರೂ ಹೀಗೇ ಮಾಡುತ್ತಾರಂತೆ, ಬೂದಿ ಸೇರಿಸಿ. ಮೂವತ್ತೆಂಟು ವರ್ಷದ ನನ್ನ ರೈಟರ್‌ಗಿರಿಗೆ ಅಂಥ ಮರ್ಯಾದೆ ಎಲ್ಲೂ ಸಿಕ್ಕಿರಲಿಲ್ಲ.

ಪಿಕಪ್ಪಿನಲ್ಲಿ ಅರ್ಧ ದಾರಿ ಇಳಿದ ಮೇಲೆ ಸಾಹೇಬರು ಬಾಯಿ ಬಿಟ್ಟರು. "ಆ ಹುಡುಗಿ ಈಗ ಎಲ್ಲಿದಾಳೆ? ಅವರ ಮಗಳು?"

"ಕುದುರೆಮುಖದ ಆಚೆ, ಗಂಡನ ಮನೆಯಲ್ಲಿ ಅಂತ ಕೇಳಿದ್ದೆ."

"ನನ್ನ ಜೀಪು ಖಾಲಿ ಇದೆ" ಎಂದರು. ಆಮೇಲೆ, "ನಾಲ್ಕು ದಿನ ನಿಮ್ಮ ಜೊತೆ ಮಾತು ಬಿಡಬೇಕು ಅಂತಿದ್ದೆ ರೈಟ್ರೇ. ನನ್ನ ಕೈಲಾಗಲ್ಲ" ಎಂದರು.

ಕುದುರೆಮುಖದ ಆಚೆ

ಊರಿಗೆ ಮರಳಿದ ಮೇಲೆ ಸಾಹೇಬರ ಜೀಪಿನಲ್ಲಿ ಹೊರಟು, ಗಣಿ ಮುಚ್ಚಿ ಖಾಲಿ ಬಿದ್ದ ಟೌನ್‌ಶಿಪ್ಪಿನ ಸಾಲುಮನೆಗಳನ್ನು ದಾಟಿ, ಜೀಪು ಹೋಗುವವರೆಗೆ ಹೋಗಿ, ಆಮೇಲೆ ನಡೆದೆವು. ಆ ಹಿರಿಯರ ಮಗಳ ಹೆಸರು ಸುಶೀಲ. ಆಗಷ್ಟೇ ನಲವತ್ತು ದಾಟಿದವರು. ಅಂಗಳದಲ್ಲಿ ಸೀಗೆಕಾಯಿ ಒಣಗಿಸುತ್ತಿದ್ದರು. ನಾನು ಯಾರೆಂದು ಹೇಳುವ ಮುಂಚೆಯೇ ಗುರುತು ಹಿಡಿದರು. ನಾನು ಕೈಮುಗಿದು ಹೇಳತೊಡಗಿದೆ.

"ನಿಲ್ಸಿ" ಎಂದರು. "ಅಪ್ಪನಿಗೆ ಹೇಳ್ಬೇಕಾದ್ದನ್ನ ನನ್ನ ಹತ್ರ ಹೇಳಿ ಹಗುರ ಆಗ್ಬೇಡಿ. ನಾನು ತಗೊಳ್ಳಲ್ಲ. ಆ ನೀರು ಇದೆಯಾ?"

ಇಬ್ರಾಹಿಂ ಸಾಹೇಬರೂ ನಾನೂ ಮುಖ ಮುಖ ನೋಡಿಕೊಂಡೆವು. ಸಮುದ್ರದಾಚೆಯ ಬೆಟ್ಟದಲ್ಲಿ ಕೇಳಿದ ಪ್ರಶ್ನೆ ಅದೇ.

ಗೌಡರ ಎದುರು ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಮಂಡಿ ತಿಕ್ಕಿಕೊಂಡು, "ಮೊದಲು ಆ ಜಾಗ ಅವರ ಮಗಳಿಗೆ ತೋರ್ಸು. ಅವರು ಹೇಳಿದ ಹಾಗೆ ಆಗ್ಲಿ" ಎಂದರು. ಸುಶೀಲ ಬಂದರು. ಬಸಿಗಾಲುವೆಯನ್ನು ಮೂರು ಕಡೆ ಕಲ್ಲು ಮಣ್ಣಿನಿಂದ ಮುಚ್ಚಿಸಿದರು. ಅಲ್ಲಿದ್ದ ಎರಡು ಸಾಲು ಕಾಫಿ ಕೀಳಿಸಿದರು. ರಾಮಪತ್ರೆ, ಬೈನೆ, ಬೆತ್ತದ ಸಸಿಗಳನ್ನು ಅವರೇ ಕಾಡಂಚಿನಿಂದ ಆರಿಸಿ ನೆಟ್ಟರು. ತರಗೆಲೆ ಗುಡಿಸುವ ಹಾಗಿಲ್ಲ ಎಂದರು, ಅವರ ತಂದೆ ಹೇಳುತ್ತಿದ್ದ ದನಿಯಲ್ಲೇ. ನಾನು ಅವರ ಕೈಕೆಳಗಿನ ಆಳು. "ರೈಟ್ರೇ, ಆ ಸಸಿ ವಾರೆಯಾಗಿದೆ, ಕಿತ್ತು ನೆಡಿ" ಎಂದರೆ ಕಿತ್ತು ನೆಡುತ್ತಿದ್ದೆ.

ಮೊದಲ ಬೇಸಿಗೆ ಒರತೆ ಶಿವರಾತ್ರಿಗೆ ಬತ್ತಿತು. ಎರಡನೆಯದು ಯುಗಾದಿ ದಾಟಿತು. ಈ ವರ್ಷ ಬತ್ತಲೇ ಇಲ್ಲ. ಮುಂಗಾರಿನ ಮೊದಲ ಹನಿ ಬಿದ್ದಾಗ ನೀರಿನ್ನೂ ಕಲ್ಲಿನ ಸಂದಿಯಿಂದ ಹರಿಯುತ್ತಿತ್ತು. ಲೈನಿನ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಾ ನಿಂತರು. ಗೌಡರು ಕೋಲೂರಿಕೊಂಡು ಹತ್ತಿ ಬಂದು ಬೊಗಸೆಯಲ್ಲಿ ಕುಡಿದರು. ಇಬ್ರಾಹಿಂ ಸಾಹೇಬರು ಆಲ್ದೂರಿನಿಂದ ಹಲ್ವಾ ತಂದು, ಸುಶೀಲರ ಅಪ್ಪಣೆ ಪಡೆದೇ ಮಕ್ಕಳಿಗೆ ಹಂಚಿದರು.

ಆ ದಿನ ಸುಶೀಲರನ್ನು ಕೇಳಿದೆ, ಇನ್ನಾದರೂ ತಪ್ಪಾಯಿತೆಂದು ಹೇಳಲೇ ಎಂದು.

"ನನಗೆ ಬೇಡ ಅಂದೆನಲ್ಲ. ಅವತ್ತು ಕಾಗದದಲ್ಲಿ ಬರೆದು ಕೊಟ್ರಿ. ಎಲ್ಲರೂ ಓದಿದ್ರು, ಎಲ್ಲರೂ ನಂಬಿದ್ರು. ಈಗಲೂ ಬರೀರಿ, ಎಲ್ಲರೂ ಓದೋ ಹಾಗೆ. ಕುಡಿಯ ಅಂತ ಬರೀಬೇಡಿ. ಅಪ್ಪನ ಹೆಸರು ಪೂರ್ತಿ ಬರೀರಿ."

ಬರೆಯುತ್ತಿದ್ದೇನೆ. ಒರತೆಯ ಸುತ್ತಲಿನ ಐದು ಮರಗಳನ್ನು ಕಡಿಸಿದವನು ನಾನು. ನನ್ನ ಹಿಂದಿನ ಹೇಳಿಕೆ ಸುಳ್ಳು. ಮರಕ್ಕೆ ಬೆನ್ನು ಕೊಟ್ಟು, ಕತ್ತಿಗೆ ಎದುರಾಗಿ ನಿಂತಿದ್ದವರು ಪೂವಪ್ಪ ಬಿನ್ ಗುರುವ.